ಹಸಿರು ಪಟ್ಟಿಯ ಮೇಸ್ತ್ರಿ

ಬೆಳಗ್ಗೆ ಎಂಟೂವರೆಗೆ ಎರಡು ಆಂಬುಲೆನ್ಸುಗಳು ಒಂದರ ಬೆನ್ನಿಗೆ ಒಂದು ಬಂದು ನಿಂತಾಗ ಅಪಘಾತ ವಿಭಾಗದವರೆಲ್ಲ ಮೊದಲು ನೋಡಿದ್ದು ಡಾಕ್ಟರಮ್ಮನ ಮುಖವನ್ನು. ಅವಳಿಗೆ ಅಲ್ಲಿ 'ಮೂರು ನಿಮಿಷ' ಎಂದು ಅಡ್ಡಹೆಸರು. ಬಂದವರಲ್ಲಿ ಯಾರನ್ನು ಮೊದಲು ಒಳಗೆ ತಗೊಳ್ಳಬೇಕು, ಯಾರನ್ನು ಕೂರಿಸಬೇಕು ಎನ್ನುವುದನ್ನು ಮೂರು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದಳು. ಹಿಂದಿನಿಂದ ಹೀಗೆ ಕರೆಯುತ್ತಾರೆಂದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಯಾರಿಗಿರುವುದಿಲ್ಲ ಹೇಳಿ.

ಊರಾಚೆ ಏಳುತ್ತಿದ್ದ ಕಟ್ಟಡವೊಂದರಲ್ಲಿ ಆರು ಗಂಟೆಗೇ, ಮೇಲೆ ನಿಂತು ಕೆಲಸ ಮಾಡುವ ಸಾರುವೆ ಕುಸಿದಿತ್ತು. ಮೂವರಿಗೆ ಗೀರು, ತರಚು. ನಾಲ್ಕನೆಯವನು ಕ್ರೇನ್ ಡ್ರೈವರ್, ಇನ್ನೂ ಮೂವತ್ತು ದಾಟದವನು. ಎರಡು ಗಂಟೆ ಕಬ್ಬಿಣದ ಸರಳುಗಳ ರಾಶಿಯಡಿ ಅವನ ಬಲಗಾಲು ಸಿಕ್ಕಿಕೊಂಡಿತ್ತು. ಮೊಣಕಾಲಿನ ಹಿಂದಿನ ರಕ್ತನಾಳ ಹರಿದು ಪಾದ ಆಗಲೇ ತಣ್ಣಗಾಗಿತ್ತು. ಅವನು ಕಿರುಚುತ್ತಿದ್ದ ರೀತಿಗೆ ಗೋಡೆಯ ಆಚೆ ಕೂತವರೂ ಕಿವಿ ಮುಚ್ಚಿಕೊಂಡರು.

ಐದನೆಯವನು ಮೇಸ್ತ್ರಿ. ಅರವತ್ತರ ಹತ್ತಿರದ ಮನುಷ್ಯ. ಡ್ರೈವರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸಿನಲ್ಲಿ ಬಂದವನು ತಾನೇ ಇಳಿದ, ತಾನೇ ನಡೆದ, ಗೋಡೆ ಬದಿಯ ಕುರ್ಚಿಯಲ್ಲಿ ತಾನೇ ಕೂತ. ಊರಿನ ಭಾಷೆ ಅವನಿಗೆ ಬರುತ್ತಿರಲಿಲ್ಲ, ಬರುತ್ತಿದ್ದುದು ತಮಿಳೊಂದೇ. ನರ್ಸು ಭಾಷಾಂತರದವಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಅಚ್ಚಾದ ಹಾಳೆಯಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ್ದಾಯಿತು. ನೋವಿದೆಯಾ? ಇಲ್ಲ. ತಲೆಗೆ ಪೆಟ್ಟು? ಇಲ್ಲ. ಕಾಯಿಲೆ? ಇಲ್ಲ. ಔಷಧಿ ಏನಾದರೂ ತಗೊಳ್ತಾರಾ? ಏನೂ ಇಲ್ಲ, ಆ ಹುಡುಗನನ್ನು ನೋಡಿ ಮೊದಲು, ನನಗೇನಾಗಿದೆ. ಭಾಷಾಂತರದವಳು ಒಂದಕ್ಷರ ಬಿಡದೆ ಹೇಳಿ ಫೋನಿಟ್ಟಳು. ಬಿ.ಪಿ. ನೂರಾ ಎಂಟು, ನಾಡಿ ಎಂಬತ್ತೆರಡು. ನರ್ಸು ಅವನ ಮಣಿಕಟ್ಟಿಗೆ ಹಸಿರು ಪಟ್ಟಿ ಸುತ್ತಿದಳು. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಸ್ವಲ್ಪ ಹೊತ್ತಿಗೆ, ಹಸಿರು ಅಂದರೆ ಕಾದರೂ ಏನಾಗುವುದಿಲ್ಲ.

ಇಷ್ಟೂ ಹೊತ್ತು ಡಾಕ್ಟರಮ್ಮ ನಾಲ್ಕು ಹೆಜ್ಜೆ ದೂರದಲ್ಲಿ ಡ್ರೈವರನ ಕಾಲು ನೋಡುತ್ತ ನಿಂತಿದ್ದಳು. ಆ ಫೋನು ಅವಳಿಗೆ ಬೇಕಿರಲಿಲ್ಲ. ಅವಳೂ ತಮಿಳಿನವಳೇ. ಹೆತ್ತವ್ವನ ಜೊತೆ ಇವತ್ತಿಗೂ ವಾರಕ್ಕೆ ಮೂರು ಸಲ ಅದೇ ಭಾಷೆಯಲ್ಲಿ ಜಗಳವಾಡುವವಳು. ಆದರೆ ಆ ಆಸ್ಪತ್ರೆಯಲ್ಲಿ ಅದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ 'ಬರುವ ಇತರ ಭಾಷೆಗಳು' ಎಂಬಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದಳು. ಅದಾಗಿ ಹನ್ನೆರಡು ವರ್ಷ.

ಸುಮ್ಮಸುಮ್ಮನೆ ಎಳೆದದ್ದಲ್ಲ. ಹಿಂದೆ ಇದ್ದ ಆಸ್ಪತ್ರೆಯಲ್ಲಿ ಅವಳು ಎಲ್ಲರಿಗೂ ಹೇಳಿಕೊಂಡೇ ಇದ್ದಳು. ಫಲ ಏನಾಯಿತೆಂದರೆ, ಹೊಟ್ಟೆ ಕೊಯ್ದು ಕೈಯಿಟ್ಟು ನಿಂತಾಗಲೂ ಹೊರಗಿನಿಂದ ಕರೆ: ಯಾರೋ ಮುದುಕಿ ಬಂದಿದ್ದಾಳೆ, ಏನು ಹೇಳ್ತಿದಾಳೆ ಕೇಳಿ ಬನ್ನಿ. ಅವಳು ಹೋಗಿ ಕೇಳಿ ಬರುವಷ್ಟರಲ್ಲಿ ಹೊಲಿಗೆಯನ್ನು ಇನ್ನೊಬ್ಬ ಹಾಕಿರುತ್ತಿದ್ದ. ವರ್ಷದ ಕೊನೆಗೆ ದೊಡ್ಡ ಡಾಕ್ಟರು ಹೊಗಳುವವರ ಹಾಗೆ ಹೇಳಿದರು: "ನೀವು ಕತ್ತರಿಗಿಂತ ಮಾತಿಗೆ ಚೆನ್ನ." ಅದನ್ನಾದರೂ ನುಂಗಿಕೊಂಡಿದ್ದಳು. ಆದರೆ ಒಮ್ಮೆ ತಮಿಳಿನ ಹೆಂಗಸೊಬ್ಬಳನ್ನು ಸಾಲಿನಲ್ಲಿ ಮುಂದೆ ಕರೆದಾಗ ಹಿಂದಿನಿಂದ ಯಾರೋ "ಅವರವರೇ ಬಿಡಪ್ಪ" ಎಂದರು. ಹೆಂಗಸಿಗೆ ಹೃದಯಾಘಾತವಾಗಿತ್ತು ಎನ್ನುವುದು ಆ ಮಾತಿನ ಮುಂದೆ ಲೆಕ್ಕಕ್ಕೇ ಬರಲಿಲ್ಲ. ಅವತ್ತು ನಿರ್ಧಾರ ಮಾಡಿದಳು, ಇನ್ನು ನನ್ನ ಭಾಷೆ ನನ್ನ ಮನೆಯಲ್ಲಿರಲಿ ಎಂದು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅವಳು ಆ ಗಿಡಕ್ಕೆ ಬೇಲಿಯನ್ನೇ ಹಾಕಿದಳು. ತಮಿಳು ಕಿವಿಗೆ ಬಿದ್ದ ಕಡೆ ಅವಳ ನಡಿಗೆ ಜೋರಾಗುತ್ತಿತ್ತು. ಜನ ಅದನ್ನೂ ಚುರುಕುತನ ಎಂದುಕೊಂಡರು.

"ಒಂದನೇ ಥಿಯೇಟರ್ ರೆಡಿ ಮಾಡ್ತಿದಾರೆ. ರಕ್ತ ಬರಬೇಕು, ಹದಿನೈದು ನಿಮಿಷ," ಎಂದ ಅವಳ ಕೈಕೆಳಗಿನ ಸರ್ಜನ್. ಬಾಗಿಲು ಬಾಗಿಲಿಗೂ ತಲೆ ತಗ್ಗಿಸುವ ಆಳು, ಹಾಗಾಗಿ ಎಲ್ಲರಿಗೂ ಉದ್ದಪ್ಪ. ಕಾಲಿನ ರಕ್ತನಾಳ ಹೊಲಿಯುವುದರಲ್ಲಿ ಅವನ ಕೈ ಬಹಳ ಪಳಗಿತ್ತು. "ಆರು ಗಂಟೆಯಿಂದ ಲೆಕ್ಕ ಹಾಕಿದ್ರೆ ನಮಗೆ ಜಾಸ್ತಿ ಟೈಮಿಲ್ಲ ಮೇಡಂ."

"ಗೊತ್ತು. ನೀನೇ ಮಾಡು, ನಾನು ಜೊತೆಗಿರ್ತೀನಿ," ಎಂದು ಕೈ ತೊಳೆಯಲು ಹೊರಟಳು. ದಾರಿ ಆ ಕುರ್ಚಿಯ ಮುಂದೆಯೇ ಹಾದುಹೋಗುತ್ತಿತ್ತು.

ಮೇಸ್ತ್ರಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬಲಗೈಯಿಂದ ಎಡ ಭುಜವನ್ನು ಒತ್ತಿಕೊಳ್ಳುತ್ತ, ನೆಲ ನೋಡುತ್ತ, ತನ್ನಷ್ಟಕ್ಕೆ ಗೊಣಗಿದ: "ಬಿದ್ದದ್ದು ಪಕ್ಕೆ ಮೇಲೆ. ಈ ಹಾಳು ಭುಜ ಯಾಕೆ ನೋಯುತ್ತೆ?"

ಡಾಕ್ಟರಮ್ಮನ ಕಾಲು ನಿಂತಿತು.

ವೈದ್ಯಕೀಯ ಓದಿದವರಿಗೆ ಇದು ಮೊದಲ ವರ್ಷದ ಪಾಠ. ಎಡ ಪಕ್ಕೆಗೆ ಪೆಟ್ಟು ಬಿದ್ದು, ಪೆಟ್ಟೇ ಬೀಳದ ಎಡ ಭುಜ ನೋಯತೊಡಗಿದರೆ ಆ ಪಕ್ಕೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಒಡೆದಿರಬಹುದು. ರಕ್ತ ಹೊಟ್ಟೆಯೊಳಗೇ ಸೋರಿ ಮೇಲಿನ ಪೊರೆಯನ್ನು ಕೆಣಕುತ್ತದೆ, ನೋವು ಭುಜದಲ್ಲಿ ಕಾಣುತ್ತದೆ. ಹೊರಗೆ ಒಂದು ಹನಿಯೂ ಕಾಣದು. ಕಾಣುವ ಹೊತ್ತಿಗೆ ಮನುಷ್ಯ ಇರುವುದಿಲ್ಲ.

ಇಲ್ಲೊಂದು ಪೇಚಿತ್ತು, ಅದನ್ನು ತಂದುಕೊಂಡವಳೂ ಅವಳೇ. ಯಾರದ್ದೇ ಪಟ್ಟಿಯ ಬಣ್ಣ ಬದಲಿಸಬೇಕಾದರೆ ಕಾರಣವನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಬೇಕು. ಏನು ಕಂಡಿತು, ಏನು ಕೇಳಿತು, ಯಾರಿಂದ ಕೇಳಿತು, ಮೂರೂ. ಹೆಡ್ ನರ್ಸು ಅದನ್ನು ಗೋಡೆಯ ಬೋರ್ಡಿನ ಮೇಲೆ ಸಮಯ ಹಾಕಿ ಬರೆಯಬೇಕು. ಯಾರೋ ದೊಡ್ಡ ಮನುಷ್ಯರ ಅಳಿಯನಿಗೆ 'ನೋಡಿದರೆ ಸುಸ್ತಾದ ಹಾಗಿದೆ' ಎಂದು ಕೆಂಪು ಪಟ್ಟಿ ಕಟ್ಟಿದ ದಿನ ಸಿಟ್ಟಿಗೆದ್ದು ಅವಳೇ ಮಾಡಿದ ಕಾನೂನು. ಈಗ ಹೇಳಬೇಕು: ಎಡ ಭುಜ ನೋಯುತ್ತಿದೆಯಂತೆ. ಯಾರು ಹೇಳಿದರು? ಅವನೇ. ಯಾವ ಭಾಷೆಯಲ್ಲಿ? ಯಾರಿಗೆ ಅರ್ಥವಾಯಿತು? ಅವಳ ಬಾಯಿಗೆ ಬಿಸಿ ತುಪ್ಪ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಇವರ ಬಿ.ಪಿ. ಇನ್ನೊಂದು ಸಲ ನೋಡಿ," ಎಂದಳು.

"ಈಗಷ್ಟೇ ನೋಡಿದ್ವಲ್ಲ ಮೇಡಂ," ಎನ್ನುತ್ತಲೇ ಹೆಡ್ ನರ್ಸು ನೋಡಿದಳು. ಮೂವತ್ತು ವರ್ಷ ಸರ್ವೀಸಾದ ಹೆಂಗಸು, ಎದುರಿಗೆ ದೇವರೇ ಬಂದರೂ ಚೀಟಿ ಕೇಳುವವಳು. "ನೂರಾ ನಾಲ್ಕು. ನಾಡಿ ಎಂಬತ್ತೆರಡೇ."

ಎಂಬತ್ತೆರಡು. ರಕ್ತ ಸೋರುವವನ ನಾಡಿ ಓಡಬೇಕು, ನೂರಿಪ್ಪತ್ತು ದಾಟಬೇಕು. ಇವನದ್ದು ಊಟ ಮಾಡಿ ಜಗಲಿಯಲ್ಲಿ ಕೂತವನ ನಾಡಿ. ಬೇಕಾದ ನೆಪ ಸಿಕ್ಕವಳ ಹಾಗೆ ಅವಳು ಆ ಸಂಖ್ಯೆಗೆ ನೇತುಬಿದ್ದಳು. ಮೈಕೈ ನೋವಿರಬೇಕು, ಸರಳು ಎತ್ತಿದ್ದಾನಲ್ಲ. ಕಾಲು ಉಳಿಸುವುದು ಮೊದಲು.

ಅಷ್ಟರಲ್ಲಿ ಹೆಡ್ ನರ್ಸಿನ ಮೇಜಿನ ಫೋನು ಬಡಿದುಕೊಂಡಿತು. ಅವಳು ರಿಸೀವರಿಗೆ ಕೈ ಅಡ್ಡ ಹಿಡಿದು ಕೇಳಿದಳು: "ಮೇಡಂ, ಎರಡನೇ ಥಿಯೇಟರ್ ಖಾಲಿ ಆಯ್ತಂತೆ. ವಾರ್ಡಿನಿಂದ ಹೊಟ್ಟೆಯೊಳಗಿನ ಕೀವಿನ ಗಡ್ಡೆ ಕೇಸು ಬಂದು ಬಾಗಿಲಲ್ಲೇ ಕಾಯ್ತಿದೆ. ತಗೊಳ್ಳಲಾ ಅಂತಿದಾರೆ."

ಗಡ್ಡೆ ಮಧ್ಯಾಹ್ನದವರೆಗೆ ಕಾಯಬಹುದಿತ್ತು. ಬೇಡ, ಹಾಗೇ ಇಟ್ಟುಕೊಳ್ಳಿ ಎನ್ನಬೇಕು ಎಂದು ಅವಳಿಗೆ ಅನಿಸಿತು, ಚೆನ್ನಾಗಿಯೇ ಅನಿಸಿತು. ಯಾಕೆ ಎಂದು ಈ ಹೆಂಗಸು ಕೇಳದೆ ಬಿಡುವುದಿಲ್ಲ.

"ಹೂಂ," ಎಂದಳು ಡಾಕ್ಟರಮ್ಮ. ಹೆಡ್ ನರ್ಸು ಅದನ್ನೂ ಬೋರ್ಡಿಗೆ ಏರಿಸಿದಳು, ಎಂಟು ನಲವತ್ತು.

ಕೈ ತೊಳೆಯುವ ನಲ್ಲಿಯ ಮುಂದೆ ಹೋಗಿ ನಿಂತಳು. ಸೋಪು ಹಚ್ಚಿದಳು. ಅಲ್ಲಿಂದ ಆ ಕುರ್ಚಿ ಗಾಜಿನಾಚೆ ಕಾಣುತ್ತಿತ್ತು. ಮೇಸ್ತ್ರಿ ಎರಡು ಸಲ ತುಟಿ ಸವರಿಕೊಂಡ. ಸುತ್ತ ನೋಡಿದ. ನೀರಿನ ಜಾಡಿ ಮೂರು ಮಾರು ದೂರದಲ್ಲಿತ್ತು. ಎದ್ದು ಹೋಗಲಿಲ್ಲ, ಯಾರನ್ನೂ ಕೇಳಲಿಲ್ಲ. ಇಷ್ಟು ದೊಡ್ಡವರೆಲ್ಲ ಓಡಾಡುತ್ತಿರುವಾಗ ತನ್ನಂಥವನು ನೀರು ಕೇಳುವುದೇ ಎಂಬ ಆ ಸಂಕೋಚ ಅವಳಿಗೆ ಮನೆಯ ಹೊಸ್ತಿಲಷ್ಟೇ ಪರಿಚಯ. ಅವಳಪ್ಪ ಹಾಗೇ ಕೂರುತ್ತಿದ್ದ, ಅವಳವ್ವನೂ ಹಾಗೇ ಕೂರುತ್ತಾಳೆ.

ಅವ್ವ ನೆನಪಾದದ್ದೇ ತಡ, ಇನ್ನೊಂದೂ ನೆನಪಾಯಿತು. ಹೋದ ತಿಂಗಳು ಕಣ್ಣಿನ ಡಾಕ್ಟರು ಅವ್ವನನ್ನು ಕೇಳಿದ್ದರು, ಔಷಧಿ ಏನಾದರೂ ತಗೊಳ್ತೀರಾ ಎಂದು. ಅವ್ವ ಎದೆ ಸೆಟೆಸಿ "ಒಂದೂ ಇಲ್ಲ" ಎಂದಿದ್ದಳು. ಕೈಚೀಲದಲ್ಲಿ ಬಿ.ಪಿ.ಯದು, ಸಕ್ಕರೆಯದು, ಥೈರಾಯ್ಡಿನದು, ಮೂರು ಡಬ್ಬಿ. ಹೊರಗೆ ಬಂದು ಗದರಿದಾಗ ಅವ್ವ ಆಶ್ಚರ್ಯಪಟ್ಟಳು: "ಅದು ಔಷಧೀನಾ? ಔಷಧಿ ಅಂದ್ರೆ ಕಾಯಿಲೆ ಬಂದಾಗ ತಗೊಳ್ಳೋದು. ಅದು ದಿನದ ಮಾತ್ರೆ." ಅವ್ವನ ತಲೆಮಾರಿನವರೆಲ್ಲರ ಲೆಕ್ಕವೂ ಅದೇ. ನಿತ್ಯ ನುಂಗುವುದು ಹಲ್ಲುಜ್ಜುವುದರ ಜೊತೆಗೆ ಸೇರಿಹೋಗುತ್ತದೆ, ಕಾಯಿಲೆಯ ಜೊತೆಗಲ್ಲ.

ಬಿ.ಪಿ.ಗೆ ಕೊಡುವ ಮಾತ್ರೆಗಳಲ್ಲಿ ಒಂದು ಬಗೆಯವು ನಾಡಿಯನ್ನು ಹಿಡಿದಿಡುತ್ತವೆ. ರಕ್ತ ಎಷ್ಟೇ ಸೋರಲಿ, ಓಡಲು ಬಿಡುವುದಿಲ್ಲ.

ಅವಳು ಕೈಯ ಸೋಪನ್ನೂ ತೊಳೆಯದೆ ಬಂದು ಮೇಸ್ತ್ರಿಯ ಮುಂದೆ ಮಂಡಿಯೂರಿ ಕೂತಳು. ಹನ್ನೆರಡು ವರ್ಷ ಆ ಗೋಡೆಗಳು ಕೇಳದ ಭಾಷೆಯಲ್ಲಿ, ಮನೆಯಲ್ಲಿ ಮಾತಾಡುವ ಹಾಗೆಯೇ ಕೇಳಿದಳು: "ಅಯ್ಯಾ, ಬೆಳಿಗ್ಗೆ ಎದ್ದು ಹಲ್ಲುಜ್ಜಿ ಏನು ನುಂಗ್ತೀರಿ?"

ಮೇಸ್ತ್ರಿ ತಲೆಯೆತ್ತಿದ. ಕಣ್ಣು ತುಂಬಿಕೊಂಡಿತು, ನೋವಿಗಲ್ಲ. "ತಾಯಿ, ನೀವು ನಮ್ಮ ಕಡೆಯವರಾ? ಎರಡು ಮಾತ್ರೆ ಇದೆಯಮ್ಮ. ಬಿ.ಪಿ.ಗೆ. ಐದು ವರ್ಷ ಆಯ್ತು, ಒಂದಿನಾನೂ ಬಿಟ್ಟಿಲ್ಲ."

"ಬಿದ್ದದ್ದು ಎಲ್ಲಿ? ತೋರಿಸಿ."

ಅವನು ಅಂಗಿ ಎತ್ತಿದ. ಎಡ ಪಕ್ಕೆಯ ಕೆಳಗೆ ಅಂಗೈಯಗಲ ಕಪ್ಪುಗಟ್ಟಿತ್ತು. "ಸಾರುವೆ ಕಂಬದ ಮೇಲೆ. ಆಮೇಲೆ ಹುಡುಗನ ಮೇಲಿಂದ ಸರಳು ತೆಗೀಬೇಕಿತ್ತಲ್ಲ, ನೋಡ್ಕೊಳ್ಳೋಕೆ ಪುರುಸೊತ್ತಾಗ್ಲಿಲ್ಲ." ಒಡೆದ ಗುಲ್ಮ ಹೊತ್ತುಕೊಂಡು ಈ ಮನುಷ್ಯ ಎರಡು ಗಂಟೆ ಕಬ್ಬಿಣ ಎತ್ತಿದ್ದ.

ಡಾಕ್ಟರಮ್ಮ ಎದ್ದು ನಿಂತು ಬೋರ್ಡಿನ ಕಡೆ ತಿರುಗಿದಳು. "ಹಸಿರು ತೆಗೀರಿ, ಕೆಂಪು ಕಟ್ಟಿ. ಕಾರಣ, ಎಡ ಪಕ್ಕೆಗೆ ಪೆಟ್ಟು, ಎಡ ಭುಜ ನೋವು, ಬಾಯಾರಿಕೆ. ನಾಡಿ ನಂಬೋ ಹಾಗಿಲ್ಲ, ಬಿ.ಪಿ. ಮಾತ್ರೆ ತಗೊಳ್ತಾರೆ. ಹೇಳಿದ್ದು ಅವರೇ, ತಮಿಳಲ್ಲಿ. ಕೇಳಿದ್ದು ನಾನು."

ಹೆಡ್ ನರ್ಸಿನ ಕೈಯಲ್ಲಿ ಮಾರ್ಕರು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಬರೆದಳು. ಎಂಟು ನಲವತ್ತಾರು.

ಉದ್ದಪ್ಪ ಸ್ಕ್ಯಾನ್ ಯಂತ್ರ ಎಳೆದು ತಂದು ಹೊಟ್ಟೆಯ ಮೇಲೆ ಇಟ್ಟ. ಪರದೆಯಲ್ಲಿ ಎಡಗಡೆ ಒಂದು ಕಪ್ಪು ಗೆರೆ, ಕೂದಲೆಳೆಗಿಂತ ತುಸು ದಪ್ಪ. "ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ ಮೇಡಂ. ಇದನ್ನ ನಂಬ್ಕೊಂಡು ಆ ಕಾಲನ್ನ ನಿಲ್ಲಿಸೋದಾ? ಇರೋದು ಒಂದೇ ಥಿಯೇಟರ್. ಎರಡನೇದರಲ್ಲಿ ಗಡ್ಡೆಯವಳಿಗೆ ಆಗಲೇ ಅರಿವಳಿಕೆ ಕೊಟ್ಟು ಚಾಕು ಹಾಕಿಬಿಟ್ಟಿದಾರೆ."

"ಬಿ.ಪಿ. ನೋಡು."

ಎಂಬತ್ತೆಂಟು. ನಾಡಿ ಎಂಬತ್ನಾಲ್ಕು. ನೆರೆ ಉಕ್ಕಿದ್ದರೂ ನೀರಳೆಯುವ ಮುಳ್ಳು ಮಾತ್ರ ಅಲ್ಲಾಡದೆ ನಿಂತ ಹಾಗೆ.

"ಮೇಸ್ತ್ರಿ ಒಳಗೆ," ಎಂದಳು. "ಕಾಲು ಕಾಯ್ಲಿ."

ಸುದ್ದಿ ಕೇಳಿ ಓಡಿಬಂದು ಬಾಗಿಲ ಬಳಿ ನಿಂತಿದ್ದ ಡ್ರೈವರನ ಅಣ್ಣನಿಗೆ ಇಷ್ಟೆಲ್ಲ ವೈದ್ಯ ತಿಳಿಯುವುದು ಹೇಗೆ. ಅವನು ಕಂಡದ್ದು ಇಷ್ಟು: ತಮ್ಮ ಕಿರುಚುತ್ತಿದ್ದಾನೆ, ತಮ್ಮನ ಗಾಡಿಯನ್ನು ಬಾಗಿಲಿನಿಂದ ವಾಪಸು ತಳ್ಳಿದರು, ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಮುದುಕನ ಜೊತೆ ಡಾಕ್ಟರಮ್ಮ ಅವನದೇ ಭಾಷೆಯಲ್ಲಿ ಮಾತಾಡಿದಳು, ಮುದುಕ ಒಳಗೆ ಹೋದ.

"ಓಹೋ, ಹಾಗಾ?" ಎಂದ. ಕೂಗಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಅವ್ರು ನಿಮ್ಮೋರು. ನನ್ನ ತಮ್ಮನಿಗೆ ಯಾರಿದಾರೆ ಇಲ್ಲಿ?"

ಹನ್ನೆರಡು ವರ್ಷ ಯಾವ ಮಾತಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದಳೋ ಆ ಮಾತು ಬಂದೇ ಬಂತು. ಬೀಗ ತೆಗೆದ ಐದು ನಿಮಿಷಕ್ಕೇ ಬಂತು. ಅವಳು ಮೇಸ್ತ್ರಿಯ ಗಾಡಿಯ ಹಿಂದೆ ಓಡಿದಳು.

ಹೊಟ್ಟೆ ತೆರೆದಾಗ ರಕ್ತ ಉಕ್ಕಿ ಅವಳ ಬೂಟಿನವರೆಗೆ ಬಂತು. ಅರಿವಳಿಕೆಯ ಡಾಕ್ಟರು "ಐವತ್ತು" ಎಂದರು, ಸ್ವಲ್ಪ ಹೊತ್ತಿಗೆ "ನಲವತ್ತು" ಎಂದರು, ಆಮೇಲೆ ಏನೂ ಹೇಳಲಿಲ್ಲ. ಹೇಳದಿದ್ದಾಗಲೇ ಭಯ. ಏನೂ ಕಾಣದ ಆ ಕೆಂಪಿನಲ್ಲಿ ಕೈಯಿಳಿಸಿ, ಬೆರಳಿನ ನಂಬಿಕೆಯ ಮೇಲೆ ಗುಲ್ಮದ ಬುಡವನ್ನು ಹುಡುಕಿ ಹಿಡಿದಳು. ಹಿಡಿದುಕೊಂಡೇ ನಿಂತಳು. ಎದುರಿಗಿದ್ದ ಉದ್ದಪ್ಪ ಕ್ಲಾಂಪು ಹಾಕುವವರೆಗೆ ಅವಳ ಬೆರಳು ಸಡಿಲವಾಗಲಿಲ್ಲ. ಇನ್ನು ಹತ್ತು ನಿಮಿಷ ಕುರ್ಚಿಯಲ್ಲಿ ಕೂತಿದ್ದರೆ ಕುರ್ಚಿಯಲ್ಲೇ ಹೋಗುತ್ತಿದ್ದ ಎನ್ನುವುದರಲ್ಲಿ ಆ ಕೋಣೆಯ ಯಾರಿಗೂ ಅನುಮಾನ ಉಳಿಯಲಿಲ್ಲ.

ಹತ್ತು ಗಂಟೆಗೆ "ತೊಂಬತ್ತೈದು" ಎಂದರು ಅರಿವಳಿಕೆಯವರು. ಮೇಸ್ತ್ರಿ ಬದುಕಿದ. ಉದ್ದಪ್ಪ ಒಂದು ಗ್ಲೌಸು ಕಿತ್ತು ಇನ್ನೊಂದು ಹಾಕಿಕೊಳ್ಳುತ್ತ ಪಕ್ಕದ ಥಿಯೇಟರಿಗೆ ಓಡಿದ, ಅದು ಆಗಷ್ಟೇ ಖಾಲಿಯಾಗಿತ್ತು. ಡ್ರೈವರನ ಕಾಲಿಗೆ ಮತ್ತೆ ರಕ್ತ ಹರಿಯುವಷ್ಟರಲ್ಲಿ ಹನ್ನೊಂದೂಕಾಲು ದಾಟಿತ್ತು. ಪಾದ ಬಣ್ಣಕ್ಕೆ ಬರಲೇ ಇಲ್ಲ. ಮಧ್ಯಾಹ್ನ ಎರಡಕ್ಕೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಕೆಲಸ ಮುಗಿದ ಮೇಲೆ ಉದ್ದಪ್ಪ ಅವಳ ದಾರಿಗೆ ಅಡ್ಡ ನಿಂತ. "ಅಣ್ಣನ ಹತ್ರ ನಾನು ಹೋಗ್ತೀನಿ. ನೀವು ಬೇಡ ಮೇಡಂ. ಜೀವ ಮೊದಲು, ಕಾಲು ಆಮೇಲೆ. ಯಾವ ಪುಸ್ತಕ ತೆಗೆದ್ರೂ ಅದೇ ಇರೋದು. ಕಾಲು ಮುಂಚೆಯೇ ಹಾಳಾಗಿತ್ತು ಅಂದ್ರೂ ಸುಳ್ಳಲ್ಲ."

ಸುಳ್ಳಲ್ಲ. ಆದರೆ ಬೋರ್ಡಿನ ಮೇಲೆ ಎರಡು ಸಮಯ ಇದ್ದವು, ಒಂದರ ಕೆಳಗೊಂದು. ಎರಡನೇ ಥಿಯೇಟರಿಗೆ ಗಡ್ಡೆ ಕೇಸು, ಎಂಟು ನಲವತ್ತು. ಮೇಸ್ತ್ರಿಗೆ ಕೆಂಪು, ಎಂಟು ನಲವತ್ತಾರು. ನಡುವಿನ ಆರು ನಿಮಿಷವನ್ನು ಓದಬಲ್ಲವರು ಅಲ್ಲಿ ಒಬ್ಬರೇ ಇದ್ದರು. ಹೆಡ್ ನರ್ಸು ಓದಿದ್ದಳೋ ಏನೋ, ಬಟ್ಟೆ ಹಿಡಿದು ಬೋರ್ಡಿನ ಮುಂದೆ ನಿಂತು "ಒರೆಸಲಾ?" ಎಂದು ಕೇಳಿದಳು.

"ಇರ್ಲಿ," ಎಂದಳು ಡಾಕ್ಟರಮ್ಮ.

ಅಣ್ಣ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ತಮ್ಮನ ಬೂಟು ಹಿಡಿದುಕೊಂಡು ಕೂತಿದ್ದ. ಒಂದಲ್ಲ, ಎರಡೂ. ಅವಳು ಪಕ್ಕದಲ್ಲಿ ಕೂತು, ಸುತ್ತಿ ಬಳಸದೆ ಕಾಲಿನ ವಿಷಯ ಹೇಳಿದಳು.

"ಒಂದೇ ಮಾತು ಕೇಳ್ತೀನಿ ಡಾಕ್ಟ್ರೇ. ಅವ್ರು ನಿಮ್ಮ ಭಾಷೆಯೋರು ಅಲ್ಲದೇ ಇದ್ದಿದ್ರೆ ನನ್ನ ತಮ್ಮನ್ನ ನಿಲ್ಲಿಸ್ತಿದ್ರಾ?"

ಪುಸ್ತಕದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆ ಮುದುಕನೇ ನಿನ್ನ ತಮ್ಮನ ಮೇಲಿನ ಸರಳು ಎತ್ತಿದವನು ಎಂದೂ ಹೇಳಬಹುದಿತ್ತು, ಹೇಳಿದ್ದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಎರಡನ್ನೂ ಹೇಳಲಿಲ್ಲ.

"ಇಲ್ಲ, ನಿಲ್ಲಿಸ್ತಿರಲಿಲ್ಲ," ಎಂದಳು. "ನಮ್ಮೋರು ಆಗಿದ್ದಕ್ಕೇ ಅವ್ರು ಗೊಣಗಿದ್ದು ನನಗೆ ಅರ್ಥ ಆಯ್ತು. ಅರ್ಥ ಆಗದೇ ಇದ್ದಿದ್ರೆ ಅವ್ರು ಸಾಯ್ತಿದ್ರು, ನಿಮ್ಮ ತಮ್ಮನ ಕಾಲು ಉಳೀತಿತ್ತೋ ಏನೋ. ಅದಕ್ಕೆ ನಾನು ತಲೆ ತಗ್ಗಿಸಲ್ಲ. ಬೇರೆ ಒಂದಿದೆ."

ಅವನು ನೋಡಿದ.

"ಅವ್ರು ಗೊಣಗಿದ ತಕ್ಷಣ ನಾನು ಹೇಳ್ಲಿಲ್ಲ. ನನಗೆ ಆ ಭಾಷೆ ಬರುತ್ತೆ ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗೋದು ನನಗೆ ಬೇಕಿರಲಿಲ್ಲ. ನೀವು ಬಾಗಿಲಲ್ಲಿ ಅಂದ್ರಲ್ಲ, ಆ ಮಾತಿಗೇ ಹೆದರಿ ಆರು ನಿಮಿಷ ಬಾಯಿ ಮುಚ್ಕೊಂಡಿದ್ದೆ. ಆಗ ಇನ್ನೊಂದು ಥಿಯೇಟರ್ ಖಾಲಿ ಇತ್ತು. ತಕ್ಷಣ ಹೇಳಿದ್ದಿದ್ರೆ ಇಬ್ಬರೂ ಒಟ್ಟಿಗೆ ಒಳಗೆ ಹೋಗ್ತಿದ್ರು. ನಾನೇ ಅದನ್ನ ಬೇರೆಯವರಿಗೆ ಕೊಟ್ಟುಬಿಟ್ಟೆ."

ಅಣ್ಣ ಬೂಟುಗಳನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟ. "ಇದು ನನಗೆ ಗೊತ್ತೇ ಆಗ್ತಿರಲಿಲ್ಲ."

"ಇಲ್ಲ."

"ಮೊದಲನೇದು ಹೇಳಿ ನಿಲ್ಲಿಸಿದ್ದಿದ್ರೆ, ನಾನು ನಿಮ್ಮನ್ನ, ನಿಮ್ಮ ಜಾತಿ ಭಾಷೆ ಎಲ್ಲಾನೂ ಬೈದು, ಮನಸ್ಸು ಹಗುರ ಮಾಡ್ಕೊಂಡು ಮನೆಗೆ ಹೋಗ್ತಿದ್ದೆ. ಈಗ ಏನು ಮಾಡ್ಲಿ ಹೇಳಿ?"

ಮೂರು ಗಂಟೆಗೆ ತಮ್ಮನಿಗೆ ಎಚ್ಚರವಾಗಬಹುದು, ಅವನಿಗೂ ಇದನ್ನು ನಾನೇ ಹೇಳುತ್ತೇನೆ ಎಂದಳು. ಅಣ್ಣ ಹೂಂ ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಇಬ್ಬರೂ ಅಲ್ಲೇ ಕೂತು ಕಾದರು.